ಬೀಗರು, ಡೇರೆ ಮತ್ತು 3000 ಮಿಲಿಮೀಟರ್

ಬ್ರಹ್ಮಾವರ, ಬೈಂದೂರುಗಳಿಗೆ ತಾಲೂಕಿನ ಪಟ್ಟ ಸಿಕ್ಕಿದ್ದು 2018ರಲ್ಲಿ. ನಮ್ಮ ಮನೆಯಲ್ಲಿ ಗಡಿಕಲ್ಲು ಅದಕ್ಕೂ ಮೊದಲೇ, ಮದುವೆ ಊಟದ ಪಂಕ್ತಿಯಲ್ಲೇ ನೆಟ್ಟಾಗಿತ್ತು. ಮಾವಯ್ಯ ಬ್ರಹ್ಮಾವರದ ಆಚೆ ಸಾಲಿಗ್ರಾಮದ ಕಡೆಯವರು, ಅಮ್ಮ ಬೈಂದೂರಿನವಳು. ನಾನೂ ಗಂಡನೂ ಒಬ್ಬರಿಗೊಬ್ಬರು ಸಿಕ್ಕಿಬಿದ್ದದ್ದು ಎರಡರ ಮಧ್ಯೆ, ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಲ್ಲಿ. ಸಿಯಾಟಲ್‌ಗೆ ಇಬ್ಬರು ಬೀಗರನ್ನೂ ಒಂದೇ ಬೇಸಿಗೆಗೆ ಕರೆಸಿಕೊಂಡದ್ದು ಟಿಕೆಟಿನ ಲೆಕ್ಕದಲ್ಲಿ ಜಾಣತನವೇ. ಉಳಿದ ಲೆಕ್ಕ ಬೇರೆ.

ಮಕ್ಕಳಿಗೆ ಕ್ಯಾಂಪಿಂಗ್ ಬೇಕಿತ್ತು. ಗ್ಯಾರೇಜಿನಿಂದ ಹಳೆಯ ಡೇರೆ ಹೊರಗೆ ಬಂತು. ಅದರ ಹಿಂದೆಯೇ ವಾಂತಿಯಂಥ ಹುಳಿ ವಾಸನೆಯೂ ಬಂತು. ಇಂಥ ಡೇರೆಗಳ ನೈಲಾನ್ ಬಟ್ಟೆಗೆ ಒಳಮೈಯಲ್ಲಿ ಪಾಲಿಯುರೆಥೇನಿನ ತೆಳು ಲೇಪ ಇರುತ್ತದೆ. ಒದ್ದೆ ಇರುವಾಗಲೇ ಮಡಚಿಟ್ಟರೆ (ಮಡಚಿಟ್ಟವರು ಯಾರೆಂದು ಈ ಬರಹದಲ್ಲಿ ಹೇಳುವುದಿಲ್ಲ, ಅವರು ಪಕ್ಕದಲ್ಲೇ ಕೂತಿದ್ದಾರೆ) ತೇವ ಆ ಲೇಪವನ್ನು ವರ್ಷಗಟ್ಟಲೆ ಮೆಲ್ಲಗೆ ಮುರಿಯುತ್ತದೆ. ಮೊದಲು ಅಂಟು, ಆಮೇಲೆ ಹಪ್ಪಳದ ಹಾಗೆ ಸಿಪ್ಪೆ. ಅಮ್ಮ ಮುಟ್ಟಿ ನೋಡಿ, ಹಲಸಿನ ಮೇಣಕ್ಕೆ ಮಾಡುವ ಮದ್ದನ್ನೇ ಇದಕ್ಕೂ ಬರೆದುಕೊಟ್ಟಳು: ತೆಂಗಿನೆಣ್ಣೆ. ಬಾಟಲಿಯ ಮುಚ್ಚಳ ತೆಗೆದೂ ಆಗಿತ್ತು. ಎಣ್ಣೆಯ ಪಸೆ ಇದ್ದರೆ ಹೊಸ ಲೇಪ ಹಿಡಿಯುವುದಿಲ್ಲ ಎಂದು ನಾನು ಬಾಟಲಿ ಕಸಿದುಕೊಂಡೆ.

"ಎಣ್ಣಿ ಹಚ್ಚುದಾರೆ ಗೇರೆಣ್ಣಿ ಹಚ್ಕ್" ಎಂದರು ಮಾವಯ್ಯ. ಗಂಗೊಳ್ಳಿಯ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದನ್ನು ಕಂಡವರು ಅವರು. ಆ ಎಣ್ಣೆಗೆ ಹುಳ ಹತ್ತುವುದಿಲ್ಲ, ನೀರು ಇಳಿಯುವುದಿಲ್ಲ ನಿಜ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ ಎನ್ನುವುದೂ ಅಷ್ಟೇ ನಿಜ. ದೋಣಿಯ ಮೈಗೆ ಅದು ಸರಿ, ಮೊಮ್ಮಕ್ಕಳು ಒರಗಿ ಮಲಗುವ ಬಟ್ಟೆಗಲ್ಲ. ಡೇರೆಯ ವಿಷಯದಲ್ಲಿ ಅವರ ಇನ್ನೊಂದು ಅರ್ಹತೆ, ಸಾಲಿಗ್ರಾಮ ಯಕ್ಷಗಾನ ಮೇಳದ ಡೇರೆಯ ಬದಿ ಎತ್ತಿ ಟಿಕೆಟಿಲ್ಲದೆ ನುಸುಳಿದ ಅನುಭವ. "ಮೇಳ ಮಳೆಗಾಲದಲ್ಲಿ ತಿರುಗಾಟವೇ ಮಾಡುವುದಿಲ್ಲವಲ್ಲ, ಆ ಡೇರೆಗೆ ಮಳೆಯ ಸುದ್ದಿ ಏನು ಗೊತ್ತು?" ಎಂದು ಅವರ ಮಗನೇ ಕೇಳಿದ. ಆ ಪ್ರಶ್ನೆಗೆ ಉತ್ತರ ಬರಲಿಲ್ಲ, ಮಧ್ಯಾಹ್ನ ಊಟಕ್ಕೆ ಮಾವಯ್ಯನೂ ಬರಲಿಲ್ಲ.

ಸಂಜೆ ಸಿಟ್ಟು ಇಳಿದ ಮೇಲೆ ಕನ್ನಡಕ ಹಾಕಿಕೊಂಡು ಡೇರೆಯ ಚೀಟಿ ಓದಿದರು. '3000 ಮಿ.ಮೀ.' ಎಂದಿತ್ತು.

"ಮೂರ್ ಸಾವ್ರ ಮಿಲಿಮೀಟರಾ? ನಮ್ಮೂರಂಗೆ ಇದ್ ಆಸಾಡಿ ಕಳುಕೂ ಸಾಕಾತಿಲ್ಲ ಮಾರಾಯ್ತಿ!"

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು 4000 ಮಿಲಿಮೀಟರಿನ ಆಸುಪಾಸು. ಲೆಕ್ಕ ತಪ್ಪೆಂದು ಹೇಗೆ ಹೇಳುವುದು? ಇದು ಮಳೆಯ ಅಳತೆಯಲ್ಲ, ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ ಎಷ್ಟು ಎತ್ತರಕ್ಕೆ ತೊಟ್ಟಿಕ್ಕಲು ಶುರುವಾಗುತ್ತದೆ ಎಂದು ನೋಡುವ ಒತ್ತಡದ ಅಳತೆ ಎಂದು ಗಂಡ ಹಾಳೆಯ ಮೇಲೆ ಚಿತ್ರ ಬರೆದ. ಮಾವಯ್ಯ ಕೇಳಿಸಿಕೊಂಡು, "ಅಂದ್ರೆ ಬಾಮಿ ಲೆಕ್ಕ" ಎಂದರು. ಆಮೇಲೆ ನೆರೆಮನೆಯ ಅಮೆರಿಕನ್ನರಿಗೂ ಅದನ್ನೇ ವಿವರಿಸಿ ಬಂದರು. ಅವರಿಗೆ ಏನರ್ಥವಾಯಿತೋ. ಸಿಯಾಟಲ್‌ನವರು ವರ್ಷಕ್ಕೆ ಸಾವಿರ ಮಿಲಿಮೀಟರೂ ಮುಟ್ಟದ ಮಳೆಯನ್ನು ಇಟ್ಟುಕೊಂಡು ಜಗತ್ತಿನೆಲ್ಲೆಡೆ ಹೆಸರು ಮಾಡಿದವರು. ನಮ್ಮ ಬೈಂದೂರಿನ ಒಂದು ಜುಲೈ ತಿಂಗಳು ಕೂತು ಮಾತಾಡಿದರೆ ಅವರ ವರ್ಷ ಮುಗಿದಿರುತ್ತದೆ.

ಕೆಲಸ ಮಾಡಿಸಿದ್ದು ನಾನು. ಬಾತ್‌ಟಬ್ಬಿನಲ್ಲಿ ಬೆಚ್ಚಗಿನ ನೀರು, ಪಾತ್ರೆ ಸೋಪು, ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲು. ಗಂಡನ ಕೈಗೆ ಸ್ಪಂಜು. ಸತ್ತ ಲೇಪವನ್ನು ಪೂರ್ತಿ ಉಜ್ಜಿ ತೆಗೆಯದೆ ಹೊಸದನ್ನು ಬಳಿದರೆ ಎರಡೂ ಒಟ್ಟಿಗೇ ಎದ್ದುಬರುತ್ತವೆ. ಬಟ್ಟೆ ಸಿಲಿಕೋನಿನದೋ ಎಂದು ಮೊದಲೇ ನೋಡಿಕೊಳ್ಳಬೇಕು, ಅದರ ಮೇಲೆ ಪಾಲಿಯುರೆಥೇನ್ ಹಿಡಿಯುವುದೇ ಇಲ್ಲ. ಒಣಗಿದ ಮೇಲೆ ಒಳಮೈಗೆ ಬ್ರಷ್ಷಿನಿಂದ ತೆಳುವಾಗಿ ಲೇಪ, ಹೊಲಿಗೆಗಳಿಗೆ ಬೇರೆ ಅಂಟು, ಹೊರಮೈಗೆ ನೀರು ಜಾರುವ ಸ್ಪ್ರೇ. ಹೊಲಿಗೆಯ ಅಂಟು ಒಣಗಿದರೂ ಮಡಚುವಾಗ ಒಂದಕ್ಕೊಂದು ಹಿಡಿಯಬಾರದೆಂದು ಟಾಲ್ಕಮ್ ಪೌಡರ್ ಉದುರಿಸುತ್ತಾರೆ. ಅಮ್ಮನ ಸೂಟ್‌ಕೇಸಿನಿಂದ ಒಂದು ಡಬ್ಬಿ ಪೂರ್ತಿ ಖರ್ಚಾಯಿತು. ಮದುವೆಮನೆಗೆ ಹೊರಟಂತೆ ಘಮಘಮಿಸುವ ಡೇರೆ ವಾಷಿಂಗ್ಟನ್ ರಾಜ್ಯದಲ್ಲಿ ಇನ್ನೊಂದು ಇರಲಾರದು.

ಅಮ್ಮನಿಗೆ ಇಷ್ಟಾದರೂ ಸಮಾಧಾನವಿಲ್ಲ. "ಗೊರ್ಬಿಗೆ ಯಾರ್ ಬಣ್ಣ ಬಳ್ದಿರ್? ಇಳಿಜಾರ್ ಇದ್ರೆ ನೀರ್ ತನ್ನಷ್ಟಕ್ಕೆ ಹೋತ್ತ್" ಎಂದಳು. ನೇಜಿ ನೆಡುವಾಗ ಬೆನ್ನ ಮೇಲೆ ಎಲೆಯ ಗೊರಬು ಹೊತ್ತು ಆಷಾಢ ಕಳೆದವಳ ಮಾತಿಗೆ ತೂಕವಿದೆ. ಮೇಲ್ಹೊದಿಕೆ ಜೋತುಬಿದ್ದು ನೀರು ನಿಂತರೆ ಎಂಥ ಲೇಪವೂ ಕಡೆಗೆ ಸೋಲುತ್ತದೆ. ಆದ್ದರಿಂದ ಹಗ್ಗ ಬಿಗಿಯುವ ಖಾತೆ ಅಮ್ಮನಿಗೆ ಹೋಯಿತು. ಹಿತ್ತಲಲ್ಲಿ ಪೈಪು ಹಿಡಿದು ಪರೀಕ್ಷೆ ಮಾಡಿದಾಗ ಒಳಗೆ ಕೂತು ನೋಡುವ ಖಾತೆ ಮಾವಯ್ಯನದು. ಒಳಗೆ ಕೊಡೆ ಬಿಡಿಸಿಕೊಂಡು ಕೂತಿದ್ದರು. ನಂಬಿಕೆ ಇಲ್ಲವೆಂದಲ್ಲವಂತೆ, ಅಭ್ಯಾಸವಂತೆ.

ಜೂನ್ ಕೊನೆಗೆ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಹೋ ಮಳೆಕಾಡಿಗೆ ಹೊರಟೆವು. ಅಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಬೀಳುತ್ತದೆ ಎಂದ ಕೂಡಲೇ ಮಾವಯ್ಯ ಅಮೆರಿಕದ ಮೇಲಿದ್ದ ಅಭಿಪ್ರಾಯವನ್ನೇ ತಿದ್ದಿಕೊಂಡರು. ಪಾಚಿ ಹೊದ್ದ ಸ್ಪ್ರೂಸ್ ಮರಗಳ ಕೆಳಗೆ ರಾತ್ರಿಯಿಡೀ ಮಳೆ. ಡೇರೆಯೊಳಗೆ ಆರು ಜನ, ಒಂದು ಡಬ್ಬಿ ಚಕ್ಕುಲಿ. ಬೆಳಿಗ್ಗೆ ಎದ್ದು ನೋಡಿದರೆ ಒಳಗೋಡೆಯ ಮೇಲೆಲ್ಲ ಹನಿ.

"ಸೋರ್ತಲ್ದಾ!" ಮಾವಯ್ಯನ ಮುಖದಲ್ಲಿ ಹಬ್ಬ.

ಸೋರಿದ್ದಲ್ಲ, ಆರು ಜನರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ನೀರಾದದ್ದು, ಗಾಳಿಕಿಂಡಿ ಮುಚ್ಚಿದ್ದರಿಂದ ಹೀಗಾಯಿತು ಎಂದು ಗಂಡ ಮತ್ತೆ ಹಾಳೆ ಹುಡುಕತೊಡಗಿದ.

"ಹಂಗಾರೆ ಸೈ. ಬೀಗ್ತಿ ರಾತ್ರಿಯಿಡೀ ಬೈಂದೂರಿನ ಸುದ್ದಿ ಹೇಳದ್ರಲ್ಲೆ."

ಅಮ್ಮ ಹೊದಿಕೆ ಮಡಚುತ್ತ, ತಲೆ ಎತ್ತದೆ ಹೇಳಿದಳು: "ನಾ ಹತ್ ಗಂಟಿಗೇ ಸುಮ್ನಾಯ್ದೆ. ಆಮೇಲೆ ಇದ್ದದ್ ಬ್ರಹ್ಮಾವರದ ಗೊರಕಿ."