1824 ಮತ್ತು 1830ಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ 1824 ಮತ್ತು ಮಾನ್ಯ 1830,

ಹುಬ್ಬಳ್ಳಿ-ಧಾರವಾಡದ ಮಂದಿಗೆ ನಿಮ್ಮಿಬ್ಬರ ಹೆಸರು ಸಾಲಿಯಲ್ಲಿದ್ದಾಗಿನಿಂದ ಗೊತ್ತು. 1824 ಅಂದರೆ ಕಿತ್ತೂರಿನ ಕೋಟೆ, ರಾಣಿ ಚೆನ್ನಮ್ಮ, ಧಾರವಾಡದಿಂದ ದಂಡು ಕಟ್ಟಿಕೊಂಡು ಹೋಗಿ ಅಲ್ಲೇ ಸತ್ತ ಕಲೆಕ್ಟರ್ ಥ್ಯಾಕರೆ. 1830 ಅಂದರೆ ಸಂಗೊಳ್ಳಿ ರಾಯಣ್ಣ ಸೆರೆಸಿಕ್ಕ ವರ್ಷ. ಆದರೆ ನರೇಂದ್ರದಿಂದ ಗಬ್ಬೂರಿನವರೆಗಿನ ಬೈಪಾಸಿನಲ್ಲಿ ಟ್ಯಾಂಕರಿನ ಬೆನ್ನಿಗೆ ಅಂಟಿಕೊಂಡು ಹೋಗುವಾಗ ನೀವು ಇಸವಿಗಳಲ್ಲ. ಅಪಾಯದ ಸರಕುಗಳಿಗೆ ವಿಶ್ವಸಂಸ್ಥೆ ಕೊಟ್ಟ ನಾಲ್ಕಂಕಿಯ ಗುರುತುಗಳಲ್ಲಿ ನಿಮ್ಮವೂ ಎರಡು. 1824, ನೀವು ಕಾಸ್ಟಿಕ್ ಸೋಡಾದ ದ್ರಾವಣ. 1830, ನೀವು ಗಂಧಕಾಮ್ಲ, ಅದೂ ನೂರಕ್ಕೆ 51 ಪಾಲಿಗಿಂತ ಗಟ್ಟಿ ಇರುವಂಥದ್ದು. ಇಬ್ಬರೂ ಎಂಟನೇ ವರ್ಗದವರು, ಮುಟ್ಟಿದ್ದನ್ನು ತಿನ್ನುವವರು.

ಜಿಲ್ಲಾಧಿಕಾರಿಗೋ ಮಹಾನಗರ ಪಾಲಿಕೆಗೋ ಬರೆಯಬೇಕಾದ ಪತ್ರವನ್ನು ನಿಮಗೆ ಬರೆಯಲು ಕಾರಣ ಇದೆ. ಟ್ಯಾಂಕರ್ ಪಲ್ಟಿಯಾದರೆ ನೀವು ಏನು ಮಾಡುತ್ತೀರಿ ಎಂಬುದು ಇನ್ನೂರು ವರ್ಷಗಳ ರಸಾಯನಶಾಸ್ತ್ರದಲ್ಲಿ ಬರೆದಿಟ್ಟಾಗಿದೆ, ಅದರಲ್ಲಿ ನೀವು ಒಮ್ಮೆಯೂ ತಪ್ಪಿಲ್ಲ. ಆ ಮೊದಲ ಅರ್ಧ ಗಂಟೆಯಲ್ಲಿ ನಾವು ಏನು ಮಾಡುತ್ತೇವೆ ಎಂಬುದನ್ನು ಮಾತ್ರ ಯಾರೂ ಹೇಳಲಾರರು. ನಿಮಗೆ ಬರೆದದ್ದನ್ನು ನಮ್ಮವರು ಓದಲಿ ಎಂಬುದೇ ನನ್ನ ಆಸೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಕಾರವಾರದ ಬಿಣಗಾದಲ್ಲಿ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ಮಾಡುತ್ತಾರೆ. ಸಾಬೂನಿಗೂ ಕಾಗದಕ್ಕೂ ಅದು ಬೇಕು, ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವುದಕ್ಕೂ ಬೇಕು. ಗಂಧಕಾಮ್ಲ ಇಲ್ಲದೆ ಗೊಬ್ಬರ ಇಲ್ಲ, ಬ್ಯಾಟರಿ ಇಲ್ಲ. ಹುಬ್ಬಳ್ಳಿ ಹೆದ್ದಾರಿಗಳು ಕೂಡುವ ಊರು: ಪುಣೆ-ಬೆಂಗಳೂರಿನ 48, ಅಂಕೋಲಾದಿಂದ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಬರುವ 52, ಹೊಸಪೇಟೆ-ಬಳ್ಳಾರಿ ಕಡೆಗೆ ಹೋಗುವ 67. ನೀವು ಇಲ್ಲಿ ಹಾಯದೆ ಗತಿಯಿಲ್ಲ. ಈ ಬೈಪಾಸಿನಲ್ಲೇ, ಇಟಿಗಟ್ಟಿಯ ಹತ್ತಿರ, 2021ರ ಜನವರಿ 15ರ ಬೆಳಿಗ್ಗೆ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೊ ಟ್ರಾವೆಲರ್ ಮತ್ತು ಒಂದು ಟಿಪ್ಪರ್ ಮುಖಾಮುಖಿಯಾದವು. ಹತ್ತಕ್ಕಿಂತ ಹೆಚ್ಚು ಜೀವ ಹೋದವು. ಆಮೇಲೆ ರಸ್ತೆ ಅಗಲಿಸುವ ಕೆಲಸ ಶುರುವಾಯಿತು. ಅಂದು ಎದುರಿಗೆ ಬಂದದ್ದು ಟಿಪ್ಪರ್. ಅದು ನೀವಾಗಿದ್ದರೆ ಗಾಯಾಳುಗಳನ್ನು ಎಳೆಯಲು ಓಡಿದವರು ಯಾವುದರಲ್ಲಿ ಕಾಲಿಡುತ್ತಿದ್ದರು ಎಂದು ನೆನೆದರೆ ನನಗೆ ಎದೆ ಝಲ್ ಎನ್ನುತ್ತದೆ.

ಮೊದಲು ನಿಮ್ಮ ಗುರುತಿನ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಟ್ಯಾಂಕರಿನ ಎರಡೂ ಬದಿಗೆ ಮತ್ತು ಹಿಂದೆ ತುರ್ತು ಮಾಹಿತಿ ಫಲಕ ಇರಬೇಕು: ಸರಕಿನ ಹೆಸರು, ನಿಮ್ಮ ನಾಲ್ಕಂಕಿಯ ಗುರುತು, ವರ್ಗದ ಚಿಹ್ನೆ, ಅಪಘಾತವಾದರೆ ಕರೆಯಬೇಕಾದ ಫೋನ್ ನಂಬರು. ಚಾಲಕನಿಗೆ ವಿಶೇಷ ತರಬೇತಿ ಆಗಿರಬೇಕು, ಅವನಿಗೆ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷೂ ಓದಲು ಬರೆಯಲು ಬರಬೇಕು. ಸೋರಿದರೆ ಏನು ಮಾಡಬೇಕೆಂಬ ಲಿಖಿತ ಸೂಚನೆ ಕ್ಯಾಬಿನ್ನಿನಲ್ಲಿ ಇರಬೇಕು. ನಿಯಮ ಚೆನ್ನಾಗಿದೆ. ಆದರೆ ಟ್ಯಾಂಕರ್ ಮಗುಚಿ ಚಾಲಕ ಪ್ರಜ್ಞೆ ತಪ್ಪಿದಾಗ ಆ ಸೂಚನೆಯ ಕಾಗದ ಯಾರೂ ಹತ್ತಿರ ಹೋಗಬಾರದ ಜಾಗದಲ್ಲೇ ಉಳಿಯುತ್ತದೆ. ಹೊರಗಿನ ಫಲಕ ಬಹುಪಾಲು ಇಂಗ್ಲಿಷಿನದು. ಮೊದಲು ಅಲ್ಲಿಗೆ ಬರುವವರು ಢಾಬಾದ ಹುಡುಗರು, ಪಕ್ಕದ ಹೊಲದಲ್ಲಿ ನೀರು ಹಾಯಿಸುತ್ತಿದ್ದ ರೈತ, ಟಂಟಂ ನಿಲ್ಲಿಸಿ ಇಳಿದವನು, ರಾತ್ರಿ ಪಾಳಿಯ ಪೊಲೀಸ್ ಪೇದೆ. "ಏನೋ ಸೋರಾಕತ್ತೈತ್ರಿ" ಎಂಬಷ್ಟೇ ಅವರಿಗೆ ಗೊತ್ತಾಗುವುದು.

ಏನು ಸೋರುತ್ತಿದೆ ಎಂಬುದರ ಮೇಲೇ ಎಲ್ಲವೂ ನಿಂತಿದೆ, ಏಕೆಂದರೆ ನಿಮ್ಮಿಬ್ಬರ ಗುಣ ಬೇರೆ ಬೇರೆ.

1830, ನೀವು ಎಣ್ಣೆಯಂತೆ ದಪ್ಪ, ಒಂದು ಲೀಟರಿಗೆ 1.84 ಕಿಲೋ ತೂಗುತ್ತೀರಿ. ನೀರು ಕಂಡರೆ ಕುದಿಯುತ್ತೀರಿ. ಸ್ವಲ್ಪ ನೀರು ಬಿದ್ದರೆ ಕಾದು ಸಿಡಿದು ಎದುರಿಗಿದ್ದವನ ಮುಖಕ್ಕೆ ಹಾರುತ್ತೀರಿ. ನಮ್ಮ ಜನರಿಗೆ ನಾನು ಮತ್ತೆ ಮತ್ತೆ ಹೇಳಬೇಕೆನಿಸುವುದು ಇನ್ನೊಂದು ಗುಣ. ನೂರಕ್ಕೆ 98 ಪಾಲು ಗಟ್ಟಿಯಿರುವಾಗ ನಿಮ್ಮನ್ನು ಸಾದಾ ಕಬ್ಬಿಣದ ಟ್ಯಾಂಕಿನಲ್ಲೇ ತುಂಬುತ್ತಾರೆ, ಅದನ್ನು ನೀವು ಹೆಚ್ಚು ತಿನ್ನುವುದಿಲ್ಲ. ನೀರು ಬೆರೆತು ತೆಳುವಾದಿರೋ, ಅದೇ ಕಬ್ಬಿಣವನ್ನು ತಿನ್ನತೊಡಗುತ್ತೀರಿ. ತಿನ್ನುವಾಗ ಜಲಜನಕದ ಅನಿಲ ಹೊರಡುತ್ತದೆ, ಅದಕ್ಕೆ ಬೀಡಿಯ ಒಂದು ಕಿಡಿ ಸಾಕು. ಸೀಳಿದ ಟ್ಯಾಂಕಿನೊಳಗೆ ಪೈಪು ಬಿಟ್ಟು ನೀರು ಹೊಡೆದವನು ತೂತನ್ನು ತಾನೇ ದೊಡ್ಡದು ಮಾಡಿದಂತಾಗುತ್ತದೆ. ಕಟ್ಟಿಗೆಯ ಹೊಟ್ಟು ಹಾಕಿ ಹೀರಿಸುವುದೂ ತಪ್ಪು, ನೀವು ಅದನ್ನು ಸುಟ್ಟು ಕರಕಲು ಮಾಡುತ್ತೀರಿ. ಒಣ ಮರಳು, ಒಣ ಮಣ್ಣಿನಿಂದ ಒಡ್ಡು ಹಾಕಿ ನಿಮ್ಮನ್ನು ಚರಂಡಿಗೆ ಇಳಿಯದಂತೆ ತಡೆಯಬೇಕು.

1824, ನಿಮ್ಮನ್ನು ಕಂಡರೆ ನನಗೆ ಇನ್ನೂ ಹೆಚ್ಚು ಭಯ. ನೀವು ಹೊಗೆಯಾಡುವುದಿಲ್ಲ, ಘಾಟಿಲ್ಲ, ನೀರಿನಂತೆ ತಿಳಿಯಾಗಿ ಹರಿಯುತ್ತೀರಿ. ಚರ್ಮಕ್ಕೆ ತಾಗಿದ ಕ್ಷಣದಲ್ಲಿ ಸಾಬೂನಿನಂತೆ ಜಾರುತ್ತೀರಿ ಅಷ್ಟೆ. ಉರಿ ಶುರುವಾಗುವಷ್ಟರಲ್ಲಿ ಒಳಗಿನ ಕೊಬ್ಬು ಕರಗಿ ಗಾಯ ಆಳಕ್ಕೆ ಇಳಿದಿರುತ್ತದೆ. ಕಣ್ಣಿಗೆ ಸಿಡಿದರೆ ಆಮ್ಲಕ್ಕಿಂತ ನೀವೇ ಹೆಚ್ಚು ಕೆಟ್ಟವರು. ಟ್ಯಾಂಕರ್ ಬಿದ್ದಿದೆ ಎಂದರೆ ಕೊಡ, ಕ್ಯಾನು ಹಿಡಿದು ಓಡುವ ರೂಢಿ ನಮ್ಮ ಹೆದ್ದಾರಿಗಳಲ್ಲಿ ಇದೆ. ಡೀಸೆಲ್ ಅಂತ, ಅಡುಗೆ ಎಣ್ಣೆ ಅಂತ. ಬಡತನ ಓಡಿಸುವ ಓಟ ಅದು, ಅವರನ್ನು ಹೀಯಾಳಿಸುವ ಮನಸ್ಸು ನನಗಿಲ್ಲ. ಅದರೊಳಗೆ ನೀವು ಇದ್ದ ದಿನ ಏನಾಗುತ್ತದೆ ಎಂದು ಅವರಿಗೆ ಅವರ ಮಾತಿನಲ್ಲಿ ಹೇಳಿದವರು ಯಾರು?

ಇನ್ನು ಸುಣ್ಣದ ಲೆಕ್ಕ. 1830, ನಿಮ್ಮ ಒಂದು ಟನ್ನನ್ನು ಶಾಂತ ಮಾಡಲು ಅರಳಿಸಿದ ಸುಣ್ಣವಾದರೆ ಸುಮಾರು ಮುಕ್ಕಾಲು ಟನ್ ಬೇಕು, ಸುಣ್ಣದಕಲ್ಲಿನ ಪುಡಿಯಾದರೆ ಒಂದು ಟನ್. ಇಪ್ಪತ್ತು ಟನ್ನಿನ ಟ್ಯಾಂಕರ್ ಪೂರ್ತಿ ಖಾಲಿಯಾದರೆ ಹದಿನೈದು ಟನ್ ಸುಣ್ಣ ಬೇಕು. ಹತ್ತು ಟನ್ನಿನ ಲಾರಿಯಾದರೆ ಒಂದೂವರೆ ಲೋಡು. ರಾತ್ರಿ ಎರಡು ಗಂಟೆಗೆ ಬೈಪಾಸಿನ ಬದಿಯ ತಾರಿಹಾಳದ ಹತ್ತಿರ ಅದನ್ನು ಎಲ್ಲಿಂದ ತರುವುದು? ಸುಣ್ಣದಕಲ್ಲಿಗೆ ನಮ್ಮಲ್ಲಿ ಬರವಿಲ್ಲ, ಬಾಗಲಕೋಟೆ ಜಿಲ್ಲೆಯ ಲೋಕಾಪುರದ ನೆಲವೇ ಸುಣ್ಣದಕಲ್ಲು. ಅರಳಿಸಿದ ಸುಣ್ಣ ಬಹಳ ದಿನ ಗಾಳಿಗೆ ತೆರೆದಿದ್ದರೆ ಸತ್ವ ಕಳೆದುಕೊಳ್ಳುತ್ತದೆ, ಕಲ್ಲಿನ ಪುಡಿ ವರ್ಷಗಟ್ಟಲೆ ಹಾಗೇ ಇರುತ್ತದೆ. ನರೇಂದ್ರದ ಹತ್ತಿರ, ತಾರಿಹಾಳದ ಹತ್ತಿರ, ಗಬ್ಬೂರಿನ ಹತ್ತಿರ ತಗಡಿನ ಚಾವಣಿ ಹಾಕಿ ಸುಣ್ಣದಕಲ್ಲಿನ ಪುಡಿ, ಒಣ ಮರಳು, ಹತ್ತಾರು ಸಲಿಕೆ, ಮೊಣಕಾಲಿನ ರಬ್ಬರ್ ಬೂಟು, ಉದ್ದ ಕೈಗವಸು, ಮುಖಕ್ಕೆ ಅಡ್ಡ ಹಿಡಿಯುವ ಪಾರದರ್ಶಕ ಕವಚ ಇಟ್ಟರೆ ಆಗುವ ಖರ್ಚು, ರಸ್ತೆ ಅಗಲಿಸಲು ಸುರಿಯುವ ದುಡ್ಡಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ 1824, ಇದೇ ಸುಣ್ಣವನ್ನು ನಿಮ್ಮ ಮೇಲೆ ಸುರಿದರೆ ಏನೂ ಪ್ರಯೋಜನವಿಲ್ಲ, ಸುಣ್ಣವೂ ನಿಮ್ಮ ಕುಲದ್ದೇ. ನಿಮ್ಮನ್ನು ಒಣ ಮರಳಿನಲ್ಲಿ ಹೀರಿಸಿ, ತಜ್ಞರು ಬರುವ ತನಕ ಒಡ್ಡಿನೊಳಗೆ ಹಿಡಿದಿಡಬೇಕು. ಫಲಕದ ಅಂಕಿ ಓದದೆ ಸಲಿಕೆ ಎತ್ತಬಾರದು ಎನ್ನುವುದು ಇದಕ್ಕೇ.

ನಮ್ಮ ಎರೆಹೊಲಗಳ ಗತಿಯನ್ನೂ ಹೇಳಬೇಕು. ಬೇಸಿಗೆಯಲ್ಲಿ ಎರೆಭೂಮಿ ಆಳಕ್ಕೆ ಬಿರುಕು ಬಿಟ್ಟಿರುತ್ತದೆ, ಚೆಲ್ಲಿದ್ದು ನೇರ ಒಳಗೆ ಹೋಗುತ್ತದೆ. ಎರೆಮಣ್ಣಿನಲ್ಲಿರುವ ಸುಣ್ಣದ ಹರಳುಗಳು ಆಮ್ಲವನ್ನು ಅಷ್ಟಿಷ್ಟು ತಡೆದಾವು. ಕಾಸ್ಟಿಕ್‌ನ ಸೋಡಿಯಂ ಮಾತ್ರ ಮಣ್ಣಿನ ಕಣಗಳನ್ನು ಬಿಡಿಸಿ ಹೊಲವನ್ನು ಸವುಳು ಮಾಡುತ್ತದೆ. ಮಲಪ್ರಭಾ ಕಾಲುವೆಯ ಕೆಳಗಿನ ರೈತರಿಗೆ ಸವುಳು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಚೆಲ್ಲಿದ್ದು ಹಳ್ಳ ಹಿಡಿದು ಬೆಣ್ಣಿಹಳ್ಳಕ್ಕೆ ಸೇರಿದರೆ ನವಲಗುಂದದ ಕಡೆಯ ದನಕರುಗಳು ಕುಡಿಯುವುದು ಅದನ್ನೇ.

ಕಾನೂನು ಇಲ್ಲವೆಂದಲ್ಲ. ಭೋಪಾಲದ ಅನಿಲ ದುರಂತದ ಮರುವರ್ಷ, 1985ರ ಡಿಸೆಂಬರ್ 4ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಸೋರಿತು. 1830, ಅದು ನಿಮ್ಮ ರಕ್ತಸಂಬಂಧಿಯೇ. ಆ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ 1986ರಲ್ಲಿ ಹೇಳಿದ್ದು ಇಡೀ ದೇಶದ ಕಾನೂನಾಯಿತು: ಅಪಾಯದ ವಸ್ತುವಿನಿಂದ ಲಾಭ ಮಾಡುವವನು ಅದರಿಂದಾದ ಹಾನಿಗೆ ಯಾವ ನೆಪವನ್ನೂ ಹೇಳದೆ ಹೊಣೆ ಹೊರಬೇಕು. 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮೆಯ ಕಾಯ್ದೆ ಬಂತು. 1996ರ ರಾಸಾಯನಿಕ ಅಪಘಾತಗಳ ನಿಯಮಗಳು ಜಿಲ್ಲೆಗೊಂದು ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು, ಅದು 45 ದಿನಕ್ಕೊಮ್ಮೆ ಸೇರಬೇಕು, ವರ್ಷಕ್ಕೆ ಒಮ್ಮೆಯಾದರೂ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು ಎನ್ನುತ್ತವೆ. ಹೊಣೆ ಯಾರದ್ದು ಎಂಬ ಪ್ರಶ್ನೆಗೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಉತ್ತರ ಸಿಗಬಹುದು. ಆದರೆ ಕಣ್ಣಿಗೆ ಬಿದ್ದ ಕಾಸ್ಟಿಕ್ ತೀರ್ಪಿನ ತನಕ ಕಾಯುವುದಿಲ್ಲ. ಆ ಅಣಕು ಕಾರ್ಯಾಚರಣೆ ಕಾರ್ಖಾನೆಯ ಗೇಟಿನೊಳಗೆ ಮಾತ್ರ ಆಗದೆ ಬೈಪಾಸಿನ ಮೇಲೂ ಆಗಲಿ. ಹಗಲು ಹನ್ನೊಂದಕ್ಕೆ ಬೇಡ, ರಾತ್ರಿ ಆಗಲಿ. ಇಟಿಗಟ್ಟಿಯ, ತಾರಿಹಾಳದ, ಗಬ್ಬೂರಿನ ಜನರನ್ನು ಕರೆದು ಆಗಲಿ.

ತಾರಿಹಾಳ ಎಂದಾಗ 2022ರ ಜುಲೈ ಕಣ್ಣಿಗೆ ಕಟ್ಟುತ್ತದೆ. ಹುಟ್ಟುಹಬ್ಬದ ಕೇಕಿನ ಮೇಲೆ ಹಚ್ಚುವ ಕಿಡಿಬತ್ತಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಕೆಲಸಕ್ಕೆ ಹೋಗಿದ್ದ ಹೆಣ್ಣುಮಕ್ಕಳು ಸುಟ್ಟುಕೊಂಡು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ ಸೇರಿದರು, ಎಲ್ಲರೂ ಮನೆಗೆ ಮರಳಲಿಲ್ಲ. ಅಂಥ ಗಾಯ ನೋಡುವ ದೊಡ್ಡ ಆಸ್ಪತ್ರೆ ನಮ್ಮೂರಲ್ಲೇ ಇದೆ ಎಂಬುದು ಸಮಾಧಾನ. ಆದರೆ ನಿಮ್ಮಿಬ್ಬರ ವಿಷಯದಲ್ಲಿ ಆಸ್ಪತ್ರೆಗೆ ಮುಂಚಿನ ಇಪ್ಪತ್ತು ನಿಮಿಷವೇ ಚಿಕಿತ್ಸೆ. ಬಟ್ಟೆ, ಚಪ್ಪಲಿ, ಉಡಿದಾರ, ಬಳೆ ಎಲ್ಲ ತೆಗೆಯಬೇಕು, ನಾಚಿಕೆಗೆ ಆಗ ಜಾಗವಿಲ್ಲ. ಮೈಮೇಲೆ ಹರಿಯುವ ನೀರನ್ನು ಕನಿಷ್ಠ ಇಪ್ಪತ್ತು ನಿಮಿಷ ಬಿಡಬೇಕು, ಕಾಸ್ಟಿಕ್ ಆದರೆ ಇನ್ನೂ ಹೆಚ್ಚು ಹೊತ್ತು. ಕಣ್ಣನ್ನು ಬೆರಳಿನಿಂದ ಅಗಲಿಸಿ ಹಿಡಿದು ತೊಳೆಯಬೇಕು. ಅರಿಶಿನ ಬೇಡ, ಟೂತ್‌ಪೇಸ್ಟ್ ಬೇಡ, ಆಮ್ಲಕ್ಕೆ ಸುಣ್ಣ ಅಂತ ಗಾಯಕ್ಕೆ ಸುಣ್ಣ ಹಚ್ಚುವುದಂತೂ ಬೇಡವೇ ಬೇಡ. ನೆಲದ ಮೇಲಿನ ಆಮ್ಲಕ್ಕೆ ಅಲ್ಪ ನೀರು ಶತ್ರು, ಮೈಮೇಲಿನ ಆಮ್ಲಕ್ಕೆ ಧಾರಾಳ ನೀರೇ ಔಷಧಿ. ಈ ಎರಡು ಮಾತು ಗೊಂದಲವಾಗದಂತೆ ಕಲಿಸಬೇಕು. ಬೈಪಾಸಿನ ಬದಿಯ ಢಾಬಾದ ಟಾಕಿಯಲ್ಲಿ, ಹೊಲದ ಪಂಪ್‌ಸೆಟ್ಟಿನಲ್ಲಿ ಆ ನೀರಿದೆ. ಆಂಬುಲೆನ್ಸ್ ಬರುವ ಮೊದಲೇ ಅಲ್ಲಿ ತೊಳೆಯಲು ಶುರುಮಾಡಬಹುದೆಂದು ಆ ಢಾಬಾದವನಿಗೆ ಗೊತ್ತಿದ್ದರೆ ಒಬ್ಬರ ಕಣ್ಣು ಉಳಿಯುತ್ತದೆ.

ನೀವಿಬ್ಬರೂ ಹಾಯುವ ದಾರಿಯಲ್ಲಿ 1789 ಕೂಡ ಹಾಯಬಹುದು, ಹೈಡ್ರೋಕ್ಲೋರಿಕ್ ಆಮ್ಲ. ಅದು ಹೊಗೆಯುಗುಳುತ್ತದೆ. ಬೈಪಾಸು ಹುಬ್ಬಳ್ಳಿಯ ಪಡುವಲಿಗಿದೆ, ಮುಂಗಾರಿನ ಗಾಳಿ ಪಡುವಣದಿಂದ ಊರ ಕಡೆಗೇ ಬೀಸುತ್ತದೆ. ಹಾಗಾಗಿ ಜನರಿಗೆ ಕಲಿಸಬೇಕಾದ ಮೊದಲ ಮಾತು ಗಾಳಿಯದು: ಗಾಳಿ ಬರುವ ಕಡೆಗೆ ನಿಲ್ಲು, ಸುತ್ತ 50 ಮೀಟರ್ ಒಳಗೆ ಯಾರನ್ನೂ ಬಿಡಬೇಡ, ಮೊಬೈಲಿನಲ್ಲಿ ವಿಡಿಯೋ ಹಿಡಿಯುವ ಬದಲು ದೂರದಿಂದಲೇ ಫಲಕ ಕಾಣುವಂತೆ ಒಂದು ಫೋಟೋ ತೆಗೆದುಕೊ, 112ಕ್ಕೆ ಕರೆಮಾಡಿ ಆ ನಾಲ್ಕು ಅಂಕಿ ಓದಿ ಹೇಳು. ಇಷ್ಟನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬೈಪಾಸಿನ ಪ್ರತಿ ಢಾಬಾದ ಗೋಡೆಗೆ, ಪ್ರತಿ ಪಂಚಾಯತಿಯ ಬಾಗಿಲಿಗೆ ಬರೆಸಬೇಕು. ನಿಮ್ಮ ಟ್ಯಾಂಕರಿನ ಫಲಕದ ಮೇಲೂ ಸರಕಿನ ಹೆಸರು, "ಮುಟ್ಟಬೇಡಿ, ತುಂಬಿಕೊಳ್ಳಬೇಡಿ" ಎಂಬ ಮಾತು ಕನ್ನಡದಲ್ಲಿ ಬರಬೇಕು. ನಿಮ್ಮನ್ನು ಕಳಿಸುವ ಕಂಪನಿಗಳಿಗೂ ನಮ್ಮ ಜಿಲ್ಲಾಡಳಿತಕ್ಕೂ ಇದನ್ನು ಮಾಡಲು ಹೊಸ ಕಾಯ್ದೆ ಬೇಕಾಗಿಲ್ಲ. 45 ದಿನಕ್ಕೊಮ್ಮೆ ಸೇರಬೇಕಾದ ಆ ಬಿಕ್ಕಟ್ಟು ನಿರ್ವಹಣಾ ಗುಂಪಿನ ಮುಂದಿನ ಸಭೆಯ ವಿಷಯಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು.

ಇಂತಿ,
ನೀವು ಹಾಯುವ ದಾರಿಯ ಊರಿನ ಒಬ್ಬ ನಿವಾಸಿ
ಹುಬ್ಬಳ್ಳಿ