ನೊಗ ಇಳಿಸುವ ಹೊತ್ತು

ಕಾರು ಹಿರೇಗುಂಟನೂರಿಗೆ ಬಂದ ದಿನ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಆರತಿ ಎತ್ತಿ ಎಲ್ಲ ಸಾಂಗವಾಗಿ ಮುಗಿದ ಮೇಲೆ ದೊಡ್ಡಪ್ಪ, "ಎಲ್ಲಿ, ಬಾಯಿ ತೆಗೆಸು" ಅಂದರು. ಎತ್ತು ಕೊಳ್ಳುವಾಗ ಹಲ್ಲು ನೋಡದೆ ದುಡ್ಡು ಎಣಿಸಿದವರಲ್ಲ ಅವರು. ನಾನು ಬಾನೆಟ್ ಎತ್ತಿದೆ. ಬಗ್ಗಿ ನೋಡಿದರು. ಬಲಗಡೆಯಿಂದ ನೋಡಿದರು, ಎಡಗಡೆಯಿಂದ ನೋಡಿದರು. ಕಡೆಗೆ ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು:

"ಉಳಿದಿದ್ದು ಎಲ್ಲೈತೆ?"

"ಇಷ್ಟೇ ದೊಡ್ಡಪ್ಪ. 999 ಸಿಸಿ."

"ಒಂದು ಸಿಸಿ ಯಾಕೆ ಉಳಿಸಿಕೊಂಡವ್ರೆ? ಚಪ್ಪಲಿ ಅಂಗಡಿ ರೇಟು ಇದ್ದಂಗೈತಲ್ಲ."

ಅವರ ಅನುಮಾನಕ್ಕೆ ಕಾರಣವಿತ್ತು. ಕಾರು ಹೊರಗಿನಿಂದ ನೋಡಿದರೆ ಒಳ್ಳೆ ಪೈಲ್ವಾನನ ಹಾಗೆ. ಎತ್ತರದ ನಿಲುವು, ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ಕಿನ ಕಟ್ಟು, ಮೇಲೆ ಬೆಳ್ಳಿ ಬಣ್ಣದ ಕಂಬಿ. ಆ ಕಂಬಿಗೆ ಏನಾದರೂ ಕಟ್ಟಬಹುದೆಂದು ಅಪ್ಪ ಒಂದು ಹಸಿಹುಲ್ಲಿನ ಹೊರೆಯನ್ನು ಆಗಲೇ ಮನಸ್ಸಿನಲ್ಲಿ ಅಳೆದಿದ್ದರು. ಒಳಗೆ ನೋಡಿದರೆ ಸೀರೆ ಪೆಟ್ಟಿಗೆಯಷ್ಟು ಇಂಜಿನ್, ಮೂರೇ ಸಿಲಿಂಡರ್. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಲೆಕ್ಕದಲ್ಲೇ ಗೆಲ್ಲಬಹುದೆಂದು ಹೊರಟೆ.

"ನಿಮ್ಮ ಮ್ಯಾಸಿಗೂ ಮೂರೇ ಸಿಲಿಂಡರ್ ಅಲ್ವ ದೊಡ್ಡಪ್ಪ?"

ಅದು ನಿಜ. ಅವರ ಮ್ಯಾಸಿ ಫರ್ಗ್ಯೂಸನ್ 1035 ಟ್ರ್ಯಾಕ್ಟರಿಗೂ ಮೂರೇ. 2400 ಸಿಸಿ, 36 ಕುದುರೆಯ ಬಲ. "ಇದು ಅದರ ಅರ್ಧಕ್ಕಿಂತ ಚಿಕ್ಕದು, ಆದರೆ ನೂರು ಕುದುರೆ" ಅಂದೆ. ಹೇಳಬಾರದಿತ್ತು. ದೊಡ್ಡಪ್ಪ ಅಂಗಳದಲ್ಲಿದ್ದವರನ್ನೆಲ್ಲ ಒಮ್ಮೆ ಕಣ್ಣಲ್ಲೇ ಸಾಕ್ಷಿಗೆ ಕರೆದು, "ನಮ್ಮ ಮೂವತ್ತಾರು ಕುದುರೆ ಎರಡು ಲೋಡು ಗೊಬ್ಬರ ಎಳೀತಾವೆ. ನಿನ್ನ ನೂರು ಕುದುರೆಗೆ ನಾಳೆ ಪಲ್ಟಿ ನೇಗಿಲು ಕಟ್ಟಾನ, ನಡಿ" ಅಂದರು. ಓಡುವ ಕುದುರೆ ಬೇರೆ, ಎಳೆಯುವ ಕುದುರೆ ಬೇರೆ, ಗೇರಿನ ಲೆಕ್ಕ ಬೇರೆ ಎಂದು ನಾನು ವಿವರಿಸುವುದರೊಳಗೆ ಅಂಗಳ ಖಾಲಿಯಾಗಿತ್ತು. ನನ್ನ ತರಗತಿಯಲ್ಲೂ ಹೀಗೇ ಆಗುತ್ತದೆ. ಅಲ್ಲಿ ಬೆಲ್ಲಾದರೂ ಹೊಡೆಯುತ್ತಾರೆ.

ಕಾರಿನ ಹೆಸರು ಬರೆಯುವುದಿಲ್ಲ. ಮುಂದೆ ಅದರ ಮೇಲೆ ನಾಲ್ಕು ದೂರು ಹೇಳುವುದಿದೆ, ನನಗೇಕೆ ಊರ ಜಗಳ. ಈ ಜಾತಿಯವು ಈಗ ಬೀದಿಗೊಂದಿವೆ. 2019ರಲ್ಲಿ ಹ್ಯುಂಡೈ ವೆನ್ಯೂ ಬಂತು, 2020ರ ಡಿಸೆಂಬರಿನಲ್ಲಿ ನಿಸಾನ್ ಮ್ಯಾಗ್ನೈಟ್, ಮರುವರ್ಷ ರೆನೋ ಕೈಗರ್, 2023ರಲ್ಲಿ ಮಾರುತಿಯ ಫ್ರಾಂಕ್ಸ್. ಎಲ್ಲದರಲ್ಲೂ ಸಾವಿರದ ಆಸುಪಾಸಿನ ಸಿಸಿಯ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಇಂಜಿನ್ ಸಿಗುತ್ತದೆ. ಮ್ಯಾಗ್ನೈಟೂ ಕೈಗರೂ ಅಂತೂ ಭಾಗವಾದ ಅಣ್ಣತಮ್ಮಂದಿರು: ಹುಟ್ಟಿದ್ದು ಚೆನ್ನೈ ಹತ್ತಿರದ ಒಂದೇ ಕಾರ್ಖಾನೆಯಲ್ಲಿ, ಎದೆಯೊಳಗಿನ ಇಂಜಿನ್ ಒಂದೇ, ನಿಲ್ಲುವುದು ಮಾತ್ರ ಬೇರೆ ಬೇರೆ ಷೋರೂಮಿನಲ್ಲಿ.

ಇವುಗಳಿಗೆ ಕ್ರಾಸ್‌ಓವರ್ ಅನ್ನುತ್ತಾರೆ. ಈ ಪದ ಊರಲ್ಲಿ ತೊಡಕಾಗುತ್ತದೆಂದು ಹೆದರಿದ್ದೆ. ಆಗಲಿಲ್ಲ. ನಮ್ಮ ಕಡೆ ಕ್ರಾಸ್ ಎಂದರೆ ಎರಡೇ ಅರ್ಥ. ಒಂದು, ಬಸ್ಸಿಗೆ ಕಾಯುವ ಜಾಗ. ಇನ್ನೊಂದು, ಡೇರಿಗೆ ಹಾಲು ಹಾಕುವ ಹಸು. "ಕಾರು ಮತ್ತು ಜೀಪು ಸೇರಿ..." ಅನ್ನುತ್ತಿದ್ದ ಹಾಗೇ ಅಪ್ಪ ತಡೆದರು. "ಗೊತ್ತಾತು ಬಿಡು. ಜೆರ್ಸಿ ಕ್ರಾಸ್ ಇದ್ದಂಗೆ. ನೋಡಾಕೆ ಮೈಕೈ ತುಂಬಿರ್ತೈತೆ, ಬಿಸಿಲಿಗೆ ಹಾಕಿದ್ರೆ ತೇಕ್ತೈತೆ." ಮುಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವ, ಕೆಸರಿಗಿಳಿದರೆ ಟ್ರ್ಯಾಕ್ಟರಿನ ಹಗ್ಗಕ್ಕೆ ಕಾಯಬೇಕಾದ ಈ ವಾಹನವನ್ನು ಇಷ್ಟು ಚಿಕ್ಕದಾಗಿ ಯಾವ ವಾಹನ ಪತ್ರಿಕೆಯೂ ಬಣ್ಣಿಸಿದ್ದನ್ನು ನಾನು ಓದಿಲ್ಲ.

ಉದ್ದದ ವಿಚಾರವೂ ಬಂತು. ನನ್ನ ಕಾರು 3994 ಮಿಲಿಮೀಟರ್. 2006ರ ಬಜೆಟ್ಟಿನಲ್ಲಿ ಸರ್ಕಾರ ನಾಲ್ಕು ಮೀಟರಿನೊಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರನ್ನು ಚಿಕ್ಕ ಕಾರೆಂದು ಕರೆದು ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಅಂದಿನಿಂದ ಕಾರು ಮಾಡುವವರೆಲ್ಲ ದರ್ಜಿಗಳಾದರು. ಮೂತಿ ಕತ್ತರಿಸು, ಬೆನ್ನು ಒತ್ತು, ಹೇಗಾದರೂ ನಾಲ್ಕು ಮೀಟರಿನೊಳಗೆ ತುರುಕು. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯವಕ್ಕೆ ಜಿಎಸ್‌ಟಿ ಶೇ. 18, ದಾಟಿದರೆ 40. ನನ್ನ ಕಾರಿಗೂ ಗಡಿಗೂ ನಡುವೆ ಉಳಿದಿರುವುದು ಆರು ಮಿಲಿಮೀಟರ್. ಅಮ್ಮ ಮೊರದಿಂದ ರಾಗಿ ಕಾಳು ತೆಗೆದು ನನ್ನ ಸ್ಕೇಲಿನ ಪಕ್ಕ ಜೋಡಿಸಿ ನೋಡಿದರು. ನಾಲ್ಕು ಕಾಳು. "ನಾಲ್ಕು ರಾಗಿ ಕಾಳಿಗೆ ಇಷ್ಟು ಲಕ್ಷವಾ?" ಎಂದು ಅವರು ಕೇಳಿದ ಧಾಟಿ, ಬೆಲೆ ಯಾವತ್ತೂ ಸಿಗದ ಬೆಳೆ ಬೆಳೆದವರಿಗೆ ಮಾತ್ರ ಬರುತ್ತದೆ.

ಇನ್ನು ಟರ್ಬೊ. ಈ ಪದ ಊರಿಗೆ ಹೊಸದಲ್ಲ. ಲಾರಿಗಳ ಮೈಮೇಲೆ ಬರೆದಿರುವುದನ್ನು ಎಲ್ಲರೂ ಓದಿದ್ದಾರೆ. ಹಾರನ್ ಓಕೆ ಪ್ಲೀಸ್ ಹಾಗೆ ಅದೂ ಒಂದು ಶುಭಾಶಯವೆಂದೇ ತಿಳಿದಿದ್ದಾರೆ. ನಾನು ಮೊದಲು ಜೋಗಿಮಟ್ಟಿ ಕಡೆ ಕೈ ತೋರಿಸಿದೆ. ಚಿತ್ರದುರ್ಗದ ಬೆಟ್ಟಗಳ ಮೇಲೆ ವಿದ್ಯುತ್ತಿಗಾಗಿ ನಿಲ್ಲಿಸಿದ ಗಾಳಿಯಂತ್ರಗಳಿಗೆ ನಮ್ಮಲ್ಲಿ ಫ್ಯಾನು ಅಂತಲೇ ಹೆಸರು. "ಅಂಥದೇ ಫ್ಯಾನು, ನಿಂಬೆಹಣ್ಣಿನ ಗಾತ್ರದ್ದು. ಇಂಜಿನ್ನಿನ ಹೊಗೆ ಹೊರಗೆ ಹೋಗುವಾಗ ಅದನ್ನು ತಿರುಗಿಸುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ."

"ಬೆಟ್ಟದ ಮೇಲಿಂದು ನಾನು ಬೀಡಿ ಹಚ್ಚಿ ಮುಗಿಸೋದ್ರಾಗೆ ಐವತ್ತು ಸುತ್ತೂ ತಿರುಗಂಗಿಲ್ಲ" ಅಂದರು ದೊಡ್ಡಪ್ಪ. ನಂಬಲಿಲ್ಲ.

ಸೋತು ಕುಲುಮೆಗೆ ಬಂದೆ. ತಿದಿ ಒತ್ತಿದರೆ ಇದ್ದಿಲು ಕೆಂಪಾಗುತ್ತದೆ. ಅದೇ ಇದ್ದಿಲು, ಗಾಳಿ ಹೆಚ್ಚು, ಬೆಂಕಿ ಹೆಚ್ಚು. ಇಂಜಿನ್ನಿಗೂ ಹಾಗೆಯೇ: ಸಣ್ಣ ಹೊಟ್ಟೆಗೆ ಗಾಳಿ ಒತ್ತಿ ತುಂಬಿದರೆ ಜೊತೆಗೆ ಹೆಚ್ಚು ಪೆಟ್ರೋಲ್ ಸುಡಬಹುದು, ದೊಡ್ಡ ಇಂಜಿನ್ನಿನ ಕೆಲಸ ಮಾಡಿಸಬಹುದು. ಈ ತಿದಿಯನ್ನು ಒತ್ತಲು ಆಳು ಬೇಡ, ತನ್ನ ಹೊಗೆಯೇ ಒತ್ತುತ್ತದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೊಗೆಯಿಂದ ತಿದಿ, ತಿದಿಯಿಂದ ಬೆಂಕಿ, ಬೆಂಕಿಯಿಂದ ಹೊಗೆ. ಯಾವನೋ ಇದು ಕಂಡುಹಿಡಿದೋನು, ಭಾರಿ ಜಿಪುಣ ಇರಬೇಕು."

ಆ ಜಿಪುಣ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ. ಪೇಟೆಂಟ್ ಪಡೆದದ್ದು 1905ರಲ್ಲಿ, ಅಂದರೆ ಹಿರಿಯೂರಿನ ಹತ್ತಿರ ಮಾರಿಕಣಿವೆಗೆ ಇನ್ನೂ ಕಲ್ಲು ಕಟ್ಟುತ್ತಿದ್ದ ಕಾಲ. ಕಟ್ಟೆ 1907ರಲ್ಲಿ ಮುಗಿಯಿತು. ಟರ್ಬೊ ಪೆಟ್ರೋಲ್ ಕಾರು ಅಂಗಡಿಗೆ ಬರಲು 1962 ಆಯಿತು. ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಆ ಕಾರಿಗೆ ಪೆಟ್ರೋಲಿನ ಜೊತೆ ಇನ್ನೊಂದು ಶೀಷೆ ಬೇಕಿತ್ತು. ಬಿಸಿಯೇರಿ ಇಂಜಿನ್ ಬಡಿದುಕೊಳ್ಳದಿರಲೆಂದು ನೀರಿಗೆ ಮಿಥೆನಾಲ್ ಬೆರೆಸಿ ಹಾಕಬೇಕು, ಹೆಸರು ಟರ್ಬೊ ರಾಕೆಟ್ ಫ್ಲೂಯಿಡ್. ಕೊಂಡವರು ತುಂಬಿಸುವುದನ್ನು ಮರೆಯುತ್ತಿದ್ದರು. ಇದನ್ನು ಕೇಳಿ ದೊಡ್ಡಪ್ಪನ ಮುಖದಲ್ಲಿ ಮೊದಲ ಸಲ ಟರ್ಬೊ ಬಗ್ಗೆ ಮಮತೆ ಕಂಡಿತು. "ಹಂಗಂದ್ರೆ ಅದಕ್ಕೂ ಸಂಜೆಗೊಂದು ಕ್ವಾರ್ಟರ್ ಬೇಕಿತ್ತು ಅನ್ನು."

ಓಡಿಸಲು ಕಲಿತದ್ದು ಬೇರೆಯೇ ಕಥೆ. ಹೊಳಲ್ಕೆರೆ ರಸ್ತೆಯಲ್ಲಿ ಒಂದು ದಿನ ಅಡಿಕೆ ಚೀಲ ಹೇರಿದ ಲಾರಿ ಮುಂದಿತ್ತು. ಮೂರನೇ ಗೇರು, ಎದುರಿಗೆ ರಸ್ತೆ ಖಾಲಿ, ಬಲಕ್ಕೆ ತಿರುಗಿಸಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೂ ಒತ್ತಿದೆ. ಲಾರಿಯ ಡ್ರೈವರ್ ಕಿಟಕಿಯಿಂದ ನನ್ನ ಪಕ್ಕಪಕ್ಕವೇ ಬರುತ್ತಾ, ಯಾವೂರು ಎಂದು ಕೇಳುವಷ್ಟು ಪುರುಸೊತ್ತಾಗಿ ನನ್ನನ್ನೇ ನೋಡುತ್ತಿದ್ದ. ಒತ್ತಿದ ಕಾಲು ಹಾಗೇ ಇತ್ತು. ಇದ್ದಕ್ಕಿದ್ದಂತೆ ಕಾರಿನ ಮೈಮೇಲೆ ದೇವರು ಬಂತು. ಲಾರಿ ಹಿಂದಾಯಿತು, ಮುಂದಿನ ಮೈಲಿಗಲ್ಲೂ ಹಿಂದಾಯಿತು, ಹೆಂಡತಿಯ ಮಡಿಲಲ್ಲಿದ್ದ ಮಜ್ಜಿಗೆ ತಂಬಿಗೆ ಮಾತ್ರ ಅಲ್ಲೇ ಉಳಿಯಿತು, ಒಳಗಿನ ಮಜ್ಜಿಗೆಯಲ್ಲ.

ಇದಕ್ಕೆ ಟರ್ಬೊ ಲ್ಯಾಗ್ ಅನ್ನುತ್ತಾರೆ. ಹೊಗೆ ಸಾಕಷ್ಟು ಜೋರಾಗದೆ ಫ್ಯಾನು ತಿರುಗದು, ಫ್ಯಾನು ತಿರುಗದೆ ಗಾಳಿ ಬಾರದು. ನನ್ನ ಕಾರಿನ ಇಂಜಿನ್ ನಿಮಿಷಕ್ಕೆ ಸುಮಾರು 1800 ಸುತ್ತು ಮುಟ್ಟುವ ತನಕ ಮಂಪರಿನಲ್ಲಿರುತ್ತದೆ. ಆಮೇಲೆ ಅದರದೇ ಕಾರುಬಾರು. ನನಗೆ ಇದು ಅರ್ಥವಾದದ್ದು ಜಾತ್ರೆಯಲ್ಲಿ: ಉರುಮೆ ಒಂದು ಹದಕ್ಕೆ ಏರುವವರೆಗೆ ಪೂಜಾರಿ ನಮ್ಮಂತೆಯೇ ನಿಂತು ಆಕಳಿಸುತ್ತಿರುತ್ತಾನೆ. ಹದ ದಾಟಿತೋ, ನಾಲ್ಕು ಜನ ಹಿಡಿಯಬೇಕು. ಈಗ ಲಾರಿ ದಾಟುವ ಮುಂಚೆ ಒಂದು ಗೇರು ಇಳಿಸಿ ಉರುಮೆ ಏರಿಸಿಕೊಳ್ಳುತ್ತೇನೆ. ಹೆಂಡತಿ ಮಜ್ಜಿಗೆ ಒಯ್ಯುವುದನ್ನು ಬಿಟ್ಟಿದ್ದಾಳೆ.

ದೂರುಗಳನ್ನು ಬೇಗ ಮುಗಿಸುತ್ತೇನೆ. ಮೈಲೇಜ್ ಕಾಗದದಲ್ಲಿ 20, ನನ್ನ ಕಾಲ ಕೆಳಗೆ 13. ದೇವರು ಬಂದಾಗಲೆಲ್ಲ ಕಾಣಿಕೆ ಹೋಗುತ್ತದೆ. ನಿಂತಲ್ಲಿ ಮೂರು ಸಿಲಿಂಡರಿನ ನಡುಕ, ಚಳಿಜ್ವರದ ಹಾಗೆ. ಬಣ್ಣ ಬಿಳಿ ಎಂದು ಆರ್‌ಸಿ ಪುಸ್ತಕದಲ್ಲಿದೆ. ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ನಾಲ್ಕು ಸಲ ಹೋಗಿ ಬಂದವರು ಅದನ್ನು ನಂಬುವುದಿಲ್ಲ.

ಇಷ್ಟೆಲ್ಲ ಆದರೂ ಮನೆಯವರಿಗೆ ಕಾರಿನ ಮೇಲೆ ಗೌರವ ಹುಟ್ಟಿದ್ದು ಕೈಪಿಡಿಯ ಒಂದು ಸಾಲಿನಿಂದ. ಜೋರಾಗಿ ಓಡಿಸಿಕೊಂಡು ಬಂದ ಮೇಲೆ ತಕ್ಷಣ ಇಂಜಿನ್ ಆರಿಸಬೇಡಿ, ಒಂದು ನಿಮಿಷ ಸುಮ್ಮನೆ ಓಡಲು ಬಿಡಿ ಎಂದಿತ್ತು. ಇಂಜಿನ್ ನಿಂತರೆ ಎಣ್ಣೆಯ ಹರಿವೂ ನಿಲ್ಲುತ್ತದೆ. ಕಾದ ಟರ್ಬೊದೊಳಗೆ ಸಿಕ್ಕಿಬಿದ್ದ ಎಣ್ಣೆ ಅಲ್ಲೇ ಸುಟ್ಟು ಕರಿಕಟ್ಟುತ್ತದೆ. ನಾನು ಓದಿ ಹೇಳಿದಾಗ ಅಪ್ಪನೂ ದೊಡ್ಡಪ್ಪನೂ ಮುಖ ಮುಖ ನೋಡಿಕೊಂಡರು. ಅಲ್ಲಿಯ ತನಕ ಅವರಿಬ್ಬರಿಗೆ ಅದೊಂದು ಯಂತ್ರ. "ಓಡಿ ಬಂದ ಎತ್ತಿಗೆ ತಕ್ಷಣ ನೀರು ತೋರಿಸಬಾರದು ಅಂತ ನಮ್ಮಪ್ಪ ಅಂತಿದ್ದ" ಅಂದರು ಅಪ್ಪ. "ಬೆವರು ಆರಬೇಕು" ಅಂದರು ದೊಡ್ಡಪ್ಪ.

ಅಂದಿನಿಂದ ಆ ಒಂದು ನಿಮಿಷ ನಮ್ಮ ಮನೆಯಲ್ಲಿ ಶಾಸ್ತ್ರವಾಯಿತು. ಸಿರಿಗೆರೆಯಲ್ಲಿ ಒಂದು ಮದುವೆಗೆ ಹೋದೆವು. ಧಾರೆಗೆ ಐದು ನಿಮಿಷ ಇದೆ ಎನ್ನುವಾಗ ಛತ್ರದ ಮುಂದೆ ಕಾರು ನಿಂತಿತು. ಹುಡುಗಿಯ ಸೋದರಮಾವ ಓಡಿ ಬಂದು ಬಾಗಿಲು ತೆಗೆಯಲು ಹೋದರೆ ದೊಡ್ಡಪ್ಪ ಒಳಗಿನಿಂದ ಕೈ ಅಡ್ಡ ಹಿಡಿದರು. "ತಡಿ, ಆರ್ಲಿ." ಐದು ಜನ ರೇಷ್ಮೆ ಉಟ್ಟುಕೊಂಡು, ಮಡಿಲಲ್ಲಿ ಉಡುಗೊರೆ ಇಟ್ಟುಕೊಂಡು, ಗಾಜಿನ ಹಿಂದೆ ಗಂಭೀರವಾಗಿ ಕೂತಿದ್ದೆವು. ಹೊರಗೆ ಒಬ್ಬರು, ಪಾಪ, ಒಳಗೆ ಯಾರಿಗೋ ಹುಷಾರಿಲ್ಲವೆಂದು ನೀರು ತಂದರು. ಅಕ್ಷತೆ ನಮಗೆ ಸಿಗಲಿಲ್ಲ, ಊಟ ಸಿಕ್ಕಿತು.

ಈಗ ಶನಿವಾರ ಸಂಜೆ ದುರ್ಗದಿಂದ ಊರಿಗೆ ಹೋದರೆ ಕಾರಿನ ಸದ್ದಿಗೇ ದೊಡ್ಡಪ್ಪ ಜಗಲಿಯಿಂದ ಇಳಿಯುತ್ತಾರೆ. ನನ್ನನ್ನು ಮಾತಾಡಿಸುವುದಿಲ್ಲ. ಬಾನೆಟ್ ಮೇಲೆ ಅಂಗೈ ಇಡುತ್ತಾರೆ, ಎತ್ತಿನ ಪಕ್ಕೆ ಮೇಲೆ ಇಡುತ್ತಿದ್ದ ಹಾಗೆ. ಅದು ಕೆಳಗೆ ನಡುಗುತ್ತಿರುತ್ತದೆ. ನಾನು ಕೀಲಿಯ ಮೇಲೆ ಕೈ ಇಟ್ಟು ಕಾಯುತ್ತೇನೆ. ಗಡಿಯಾರದ ನಿಮಿಷ ಯಾವಾಗಲೋ ಮುಗಿದಿರುತ್ತದೆ, ಅವರದು ಮುಗಿದಿರುವುದಿಲ್ಲ.

"ಹ್ಞೂಂ, ನೊಗ ಇಳಿಸು" ಅನ್ನುತ್ತಾರೆ ಕಡೆಗೆ. ಇಳಿಸುತ್ತೇನೆ.

ಮೊನ್ನೆ ದುರ್ಗದಲ್ಲಿ ಪೆಟ್ರೋಲ್ ಬಂಕಿಗೆ ಹೋದಾಗ ಹುಡುಗ ಕಾಯುತ್ತಾ ನಿಂತಿದ್ದ. ಪಕ್ಕದಲ್ಲಿದ್ದ ಹೆಂಡತಿ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವಳು, ನನ್ನ ತೊಡೆ ತಟ್ಟಿ ಜೋರಾಗಿ, "ನೊಗ ಇಳಿಸ್ರಿ, ಎಷ್ಟು ಹೊತ್ತು!" ಅಂದಳು. ಹುಡುಗ ಪೈಪು ಕೈಯಲ್ಲೇ ಹಿಡಿದುಕೊಂಡು ಕಾರಿನ ಮುಂದೆ ಹೋಗಿ ಒಮ್ಮೆ ಬಗ್ಗಿ ನೋಡಿಬಂದ.