ಕೃಷಿ ಪಂಡಿತ ಅಮೆರಿಕ

ನಮ್ಮ ಸರ್ಕಾರ ಕೊಡುವ ಕೃಷಿ ಪಂಡಿತ ಪ್ರಶಸ್ತಿಯನ್ನು ಹೊರದೇಶದವರಿಗೂ ಕೊಡಬಹುದೆಂದು ನಿಯಮ ಬದಲಾದರೆ ನನ್ನ ಶಿಫಾರಸು ಅಮೆರಿಕಕ್ಕೆ. ಅದರ ಸೇನೆ ಅಫ್ಘಾನಿಸ್ತಾನಕ್ಕೆ ಇಳಿದ 2001ರಲ್ಲಿ ಅಲ್ಲಿ ಅಫೀಮು ಇದ್ದದ್ದು ಹೆಚ್ಚುಕಮ್ಮಿ 8,000 ಹೆಕ್ಟೇರಿನಲ್ಲಿ. 2017ರಲ್ಲಿ 3,28,000 ಹೆಕ್ಟೇರು. ಈ ಅವಧಿಯಲ್ಲಿ ಮಾದಕ ವಸ್ತುವಿನ ವಿರುದ್ಧ ಹೋರಾಡಲೆಂದು ಅಮೆರಿಕ ಅಲ್ಲಿ ಸುರಿದದ್ದು ಸುಮಾರು 860 ಕೋಟಿ ಡಾಲರು. ಸಿರಿಧಾನ್ಯ ಬೆಳೆಯಿರಿ ಎಂದು ಮೇಳ, ಜಾಥಾ, ಪ್ರೋತ್ಸಾಹಧನ ಎಲ್ಲ ನಡೆಸಿದ ನಮ್ಮ ಇಲಾಖೆಗೂ ಇಂಥ ಫಸಲು ಸಿಕ್ಕಿಲ್ಲ. ಇವರಾದರೋ ‘ಬೆಳೆಯಬೇಡಿ’ ಎನ್ನುತ್ತಲೇ ಇದನ್ನು ಸಾಧಿಸಿದರು.

ಲೆಕ್ಕದಲ್ಲಿ ಸ್ವಲ್ಪ ಮಸಲತ್ತಿದೆ ಎಂದು ತಿಳಿದವರು ತಕರಾರು ತೆಗೆಯಬಹುದು. 2000ದಲ್ಲಿ ಅಲ್ಲಿ 82,000 ಹೆಕ್ಟೇರು ಅಫೀಮು ಇತ್ತು. ತಾಲಿಬಾನ್ ನಾಯಕ ಮುಲ್ಲಾ ಒಮರ್ ಹೊರಡಿಸಿದ ನಿಷೇಧದಿಂದ ಮರುವರ್ಷ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಸರಿ, 82,000ದಿಂದಲೇ ಎಣಿಸೋಣ. ಆಗಲೂ ನಾಲ್ಕು ಪಟ್ಟು. ಪ್ರಶಸ್ತಿಗೇನೂ ಅಡ್ಡಿಯಿಲ್ಲ.

ಬ್ರಿಟನ್ನಿಗೂ ಒಂದು ಶಾಲು ಹೊದಿಸಬೇಕು. ಅಫೀಮಿನ ವಿಷಯದಲ್ಲಿ ಅದರ ಅನುಭವ ದೊಡ್ಡದು. ಬಿಹಾರ, ಬನಾರಸ್ ಸೀಮೆಯಲ್ಲಿ ನಮ್ಮ ರೈತರಿಂದ ಬೆಳೆಸಿ, ಬೇಡವೆಂದ ಚೀನಾದ ಮೇಲೆ ಯುದ್ಧ ಹೂಡಿ ಮಾರಿದ ಮನೆತನ ಅದು. 2002ರಲ್ಲಿ ಅಫ್ಘಾನಿಸ್ತಾನದ ಅಫೀಮು ನಿರ್ಮೂಲನೆಯ ಮುಂದಾಳತ್ವ ವಹಿಸಿಕೊಂಡ ಬ್ರಿಟಿಷರು ಒಂದು ಯೋಜನೆ ತಂದರು: ನಿಂತ ಬೆಳೆ ಕೆಡವಿದವನಿಗೆ ನಗದು. ಪರಿಹಾರ ಅಫೀಮು ಬಿತ್ತಿದವನಿಗೆ ಮಾತ್ರ. ಪಕ್ಕದ ಹೊಲದಲ್ಲಿ ಗೋಧಿ ಬಿತ್ತಿದ ಸಜ್ಜನನಿಗೆ ದಮ್ಮಡಿಯೂ ಇಲ್ಲ. ಕೆಲವರು ಮೊದಲು ಕಾಯಿ ಗೀರಿ ಅಫೀಮಿನ ಹಾಲು ಇಳಿಸಿಕೊಂಡು, ಆಮೇಲೆ ಒಣಗಿದ ಗಿಡ ಉತ್ತು ದುಡ್ಡು ಎಣಿಸಿಕೊಂಡರು. ಅನೇಕರ ದುಡ್ಡು ನಡುವಿನ ದಳಪತಿಗಳ ಜೇಬಿನಲ್ಲೇ ಉಳಿಯಿತು. ದುಡ್ಡು ಸಿಕ್ಕವನು ಮತ್ತೆ ಸಿಗಲೆಂದು ಬಿತ್ತಿದ, ಸಿಗದವನು ಮೋಸವಾಯಿತೆಂದು ಬಿತ್ತಿದ. 2004ರ ಹೊತ್ತಿಗೆ 1,31,000 ಹೆಕ್ಟೇರು.

ಮುಂದೆ ಪ್ರಾಂತ್ಯಗಳ ಗವರ್ನರುಗಳಿಗೆ ಗುತ್ತಿಗೆ ಸಿಕ್ಕಿತು. ನಾಶ ಮಾಡಿದ ಪ್ರತಿ ಹೆಕ್ಟೇರಿಗೆ 135 ಡಾಲರು. ಟ್ರ್ಯಾಕ್ಟರು ಯಾರ ಹೊಲಕ್ಕೆ ನುಗ್ಗಿತು ಎಂದು ನಮ್ಮೂರಿನ ಯಾವ ಓದುಗನಿಗೂ ಬಿಡಿಸಿ ಹೇಳಬೇಕಿಲ್ಲ. ಗವರ್ನರನ ನೆಂಟರ ಹೊಲಕ್ಕಂತೂ ಅಲ್ಲ. ಲಂಚ ಕೊಟ್ಟವನ ಬೆಳೆ ಉಳಿಯಿತು, ಬಡವನದ್ದೂ ವಿರೋಧಿಯದ್ದೂ ಹೋಯಿತು, ಪೈಪೋಟಿ ಕಡಿಮೆಯಾದ ನೆಂಟರಿಗೆ ಮಾರುಕಟ್ಟೆ ಸಲೀಸಾಯಿತು.

ಬೆಳೆ ಹೋದರೂ ಸಾಲ ಹೋಗುವುದಿಲ್ಲ. ಅಲ್ಲಿನ ಸಣ್ಣ ರೈತ ಚಳಿಗಾಲದ ಹಿಟ್ಟು, ಎಣ್ಣೆ, ಮದ್ದಿಗೆ ದುಡ್ಡು ತರುತ್ತಿದ್ದುದು ಮುಂದಿನ ಅಫೀಮಿನ ಮೇಲೆ, ವ್ಯಾಪಾರಿಯಿಂದ ಮುಂಗಡವಾಗಿ, ಸುಗ್ಗಿಯ ದರಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ. ತೀರಿಸಬೇಕಾದದ್ದೂ ಅಫೀಮಿನಲ್ಲೇ. ಟ್ರ್ಯಾಕ್ಟರು ಬಂದು ಹೋದ ಮೇಲೆ ಬಾಕಿ ಇಷ್ಟು ಕಿಲೋ ಎಂದು ವ್ಯಾಪಾರಿಯ ಪುಸ್ತಕದಲ್ಲಿ ಬೆಳೆಯುತ್ತಿತ್ತು. ಅದನ್ನು ತೀರಿಸಲು ಮರುವರ್ಷ ಇನ್ನಷ್ಟು ಬಿತ್ತಬೇಕಿತ್ತು. ಹಾಗೂ ಆಗದೆ ಮಗಳನ್ನು ಸಾಲಗಾರನಿಗೆ ಕೊಟ್ಟ ಅಪ್ಪಂದಿರು ಅಲ್ಲಿದ್ದಾರೆ. ಇಲ್ಲಿ ನನ್ನ ವ್ಯಂಗ್ಯ ನಡೆಯುವುದಿಲ್ಲ, ಮುಂದಕ್ಕೆ ಹೋಗುತ್ತೇನೆ.

ನಿಜವಾದ ಕೃಷಿ ಪಾಂಡಿತ್ಯ ಕಾಣಬೇಕಾದರೆ ಹೆಲ್ಮಂಡ್ ಪ್ರಾಂತ್ಯಕ್ಕೆ ಬರಬೇಕು. 2008ರಲ್ಲಿ ಅಲ್ಲಿ ನೀರಾವರಿ ಹೊಲಗಳ ರೈತರಿಗೆ ಗೋಧಿ ಬೀಜ, ಗೊಬ್ಬರ ಹಂಚಿ ಅಫೀಮು ಬಿಡಿಸುವ ಕಾರ್ಯಕ್ರಮ ಶುರುವಾಯಿತು. ಅಂಕಿ ಅಂಶ ಸೊಗಸಾಗಿತ್ತು, ಕಾಲುವೆಯ ಪಕ್ಕದಲ್ಲಿ ಅಫೀಮು ಇಳಿಯಿತು. ಆದರೆ ಅಫೀಮು ಕೊಡುವ ಗಸಗಸೆ ಗಿಡಕ್ಕೆ ಕಳೆ ಕೀಳಲು, ಕಾಯಿ ಗೀರಲು, ಹಾಲು ಕೆರೆಯಲು ಮನೆಮಂದಿಯೆಲ್ಲ ಬೇಕು. ಗೋಧಿಗೆ ಅಷ್ಟು ಕೈ ಬೇಡ. ಗೋಧಿ ಬಂದೊಡನೆ ಪಾಲಿಗೆ ದುಡಿಯುತ್ತಿದ್ದ ಭೂಹೀನರನ್ನು ಹೊಲದ ಒಡೆಯರು ಬಿಡಿಸಿದರು. ಅವರೆಲ್ಲ ಬೋಗ್ರಾ ಕಾಲುವೆ ದಾಟಿ ಉತ್ತರದ ಮರಳುಗಾಡಿಗೆ ಹೋದರು. ಆ ಕಾಲುವೆಯನ್ನು ತೋಡಿದ್ದೂ ಅಮೆರಿಕದ ಕಂಪನಿಯೇ. ಅವರು ಮರಳುಗಾಡಿನಲ್ಲಿ ಬೋರ್ ಕೊರೆದರು. ಮೊದಲು ಡೀಸೆಲ್ ಪಂಪು, ಕೆಲ ವರ್ಷಗಳಲ್ಲಿ ಸೋಲಾರ್ ಪಂಪು. ಒಂದು ಹುಲ್ಲುಕಡ್ಡಿಯೂ ಇಲ್ಲದಿದ್ದ ನೆಲದಲ್ಲಿ ಅಫೀಮು ತೂಗಾಡಿತು. ಸರ್ಕಾರ ಕೈಬಿಟ್ಟ ಆ ಜನರಿಗೆ ರಕ್ಷಣೆ ಕೊಡಲು ಯಾರು ಬಂದರು? ತಾಲಿಬಾನ್. ಬೀಳುಭೂಮಿ ಅಭಿವೃದ್ಧಿ, ಸೌರಶಕ್ತಿ ಪ್ರಚಾರ, ತಾಲಿಬಾನಿಗೆ ಸದಸ್ಯತ್ವ ಅಭಿಯಾನ: ಒಂದೇ ಗೋಧಿ ಚೀಲದಲ್ಲಿ ಮೂರು ಯೋಜನೆ!

ಬೆಳೆ ನಾಶ ಮಾಡುವ ಕಾರ್ಯವೇ ರೈತರನ್ನು ತಾಲಿಬಾನ್ ಕಡೆಗೆ ತಳ್ಳುತ್ತಿದೆ, ದುಡ್ಡು ದಂಡ ಎಂದು ಅಮೆರಿಕದ ವಿಶೇಷ ಪ್ರತಿನಿಧಿ ರಿಚರ್ಡ್ ಹಾಲ್‌ಬ್ರೂಕ್ 2009ರಲ್ಲಿ ಬಹಿರಂಗವಾಗಿಯೇ ಹೇಳಿದರು. ಅದಕ್ಕೆ ಮುಂಚೆ ಕಾಬೂಲಿಗೆ ಬಂದಿದ್ದ ಅಮೆರಿಕದ ರಾಯಭಾರಿ ವಿಲಿಯಂ ವುಡ್ ಅವರಿಗೆ ವಿಮಾನದಿಂದ ಕಳೆನಾಶಕ ಸಿಂಪಡಿಸುವ ಆಸೆ. ಜನ ಅವರಿಗಿಟ್ಟ ಹೆಸರು ‘ಕೆಮಿಕಲ್ ಬಿಲ್’. ಅಧ್ಯಕ್ಷ ಕರ್ಜೈ ಒಪ್ಪಲಿಲ್ಲ. ವುಡ್ ಅವರ ಹಿಂದಿನ ಠಾಣೆ ಕೊಲಂಬಿಯಾ. ಅಲ್ಲಿ ಕೋಕಾ ಗಿಡದ ಮೇಲೆ 1994ರಿಂದ 2015ರವರೆಗೆ ಗ್ಲೈಫೋಸೇಟ್ ಸುರಿದರು. ಬಾಳೆ, ಮರಗೆಣಸಿನ ಮೇಲೂ ಬಿತ್ತು. ಗಡಿಯಾಚೆ ಬಿದ್ದದ್ದಕ್ಕೆ ಈಕ್ವೆಡಾರ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 2013ರಲ್ಲಿ ರಾಜಿಯಾಗಿ ಕೊಲಂಬಿಯಾದಿಂದ ಒಂದೂವರೆ ಕೋಟಿ ಡಾಲರು ವಸೂಲು ಮಾಡಿತು. ಆಮೇಲೆ ಕೊಲಂಬಿಯಾ ಸರ್ಕಾರ ಕೋಕಾ ಬಿಟ್ಟವರಿಗೆ ಸಹಾಯಧನ ಕೊಡುವುದಾಗಿ ಸಾರಿತು. ಬಿಡಬೇಕಾದರೆ ಮೊದಲು ಬೆಳೆದಿರಬೇಕಲ್ಲ? 2013ರಲ್ಲಿ 48,000 ಹೆಕ್ಟೇರಿದ್ದ ಕೋಕಾ 2017ಕ್ಕೆ 1,71,000.

ಅದೇ 2017ರ ನವೆಂಬರಿನಲ್ಲಿ ಹೆಲ್ಮಂಡಿನ ಹೆರಾಯಿನ್ ಅಡ್ಡೆಗಳ ಮೇಲೆ ಬಾಂಬ್ ಹಾಕಲು ಅಮೆರಿಕ ಎಫ್-22 ವಿಮಾನ ಕಳಿಸಿತು. ಶತ್ರುವಿನ ರೇಡಾರಿಗೆ ಕಾಣದಂತೆ ಕಟ್ಟಿದ ವಿಮಾನ ಅದು. ಗುರಿ, ಮಣ್ಣಿನ ಗೋಡೆಯೊಳಗಿನ ಡ್ರಮ್ಮು, ಒಲೆ. ರೇಡಾರ್ ಇಡುವಷ್ಟು ಅನುಕೂಲ ಆ ಒಲೆಯ ಮಾಲೀಕನಿಗಿರಲಿಲ್ಲ. ಹೊಸ ಡ್ರಮ್ಮು ತರುವಷ್ಟು ಧಾರಾಳವಾಗಿ ಇತ್ತು.

ಬೇರೆ ದಾರಿ ಇರಲಿಲ್ಲವೇ ಎಂದರೆ ನಮ್ಮ ಅಡುಗೆಮನೆಯನ್ನೇ ನೋಡಬಹುದು. ಪಾಯಸದ ಗಸಗಸೆ ಇದೇ ಗಿಡದ ಬೀಜ, ಟರ್ಕಿಯಿಂದಲೂ ಇಲ್ಲಿಗೆ ಬರುತ್ತದೆ. ಟರ್ಕಿಯಲ್ಲೂ 1971ರಲ್ಲಿ ಅಮೆರಿಕದ ಒತ್ತಡಕ್ಕೆ ನಿಷೇಧ ಬಂತು, ಅಮೆರಿಕದ ವ್ಯಸನಿಗಳಿಗೆ ಮೆಕ್ಸಿಕೊದ ಮಾಲು ಒದಗಿತು. 1974ರಲ್ಲಿ ಟರ್ಕಿ ನಿಷೇಧ ತೆಗೆದು, ಲೈಸೆನ್ಸ್ ಕೊಟ್ಟು, ಕಾಯಿ ಗೀರದೆ ಒಣಗಿಸಿ ಔಷಧಕ್ಕೆ ಕೊಳ್ಳುವ ಪದ್ಧತಿ ತಂದಿತು. ಅದು ಇಂದಿಗೂ ನಡೆಯುತ್ತಿದೆ. ಇಂಥ ಸಪ್ಪೆ ಕೆಲಸಕ್ಕೆ ಎಫ್-22 ಬೇಕಾಗುವುದಿಲ್ಲ, ಹಾಗಾಗಿ ಯಾರಿಗೂ ರುಚಿಸಲಿಲ್ಲ.

ಅಮೆರಿಕ ಹೊರಟುಹೋದ ಮೇಲೆ, 2022ರ ಏಪ್ರಿಲಿನಲ್ಲಿ ತಾಲಿಬಾನ್ ಮತ್ತೆ ನಿಷೇಧ ಹೇರಿತು. ಮರುವರ್ಷ ಬೆಳೆ ಶೇ 95ರಷ್ಟು ಕುಸಿಯಿತು. ದಾಸ್ತಾನು ಇಟ್ಟುಕೊಂಡಿದ್ದ ವ್ಯಾಪಾರಿಗಳು ಏರಿದ ಬೆಲೆಗೆ ಮಾರಿದರು, ರೈತರು ಬರಿಗೈಯಾದರು, 2023ರಲ್ಲಿ ಅಫೀಮಿನ ಮೊದಲ ಸ್ಥಾನ ಮ್ಯಾನ್ಮಾರಿಗೆ ಹೋಯಿತು.

ಇಷ್ಟೆಲ್ಲ ಮಾಡಿದ ಅಮೆರಿಕದ ಬೀದಿಯಲ್ಲಿ ಸಿಗುತ್ತಿದ್ದ ಹೆರಾಯಿನ್ ಬಹುತೇಕ ಮೆಕ್ಸಿಕೊದ್ದು, ಅಫ್ಘಾನ್ ಮಾಲು ತೀರಾ ಕಡಿಮೆ. 2022ರಲ್ಲಿ ಆ ದೇಶದಲ್ಲಿ ಮಾದಕ ವಸ್ತುಗಳ ಅತಿಸೇವನೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮೂರರಲ್ಲಿ ಎರಡು ಪಾಲಿನಷ್ಟು ಸಾವು ಮುಖ್ಯವಾಗಿ ಫೆಂಟಾನಿಲ್‌ನದು. ಅದನ್ನು ರಾಸಾಯನಿಕ ಬೆರೆಸಿ ತಯಾರಿಸುತ್ತಾರೆ. ಯಾವ ದೇಶದ ಹೊಲದಲ್ಲೂ ಅದು ಬೆಳೆಯುವುದಿಲ್ಲ.